ಗುಡ್ಡಕ್ಕೊಂದು ಕಂಡಿ

ನಮ್ಮೂರಿನಲ್ಲಿ ಗುಡ್ಡ ಬರೆಯಲು ಕಲಿಯುವವರ ಕೈಗೆ ಮೊದಲು ಬಣ್ಣ ಕೊಡುವುದಿಲ್ಲ. ಒಂದು ತಂಬಿಗೆ ನೀರು, ಒಂದು ಕುಂಚ, ತೊಡೆಯ ಮೇಲೆ ಇಟ್ಟುಕೊಳ್ಳಲು ಒಂದು ಕರಿಕಲ್ಲಿನ ಹಲಗೆ ಕೊಡುತ್ತಾರೆ. ನೀರಿನಲ್ಲಿ ಬರೆದ ಗುಡ್ಡ ಬಿಸಿಲಿಗೆ ಆರಿಹೋಗುತ್ತದೆ, ಯಾರಿಗೂ ಅಪಾಯವಿಲ್ಲ. ಬಣ್ಣದ್ದು ಹಾಗಲ್ಲ. ಮಳೆ ನಿಂತ ಮೇಲೆ ಎದುರಿಗೆ ಕೂತು ಯಾರು ಮೊದಲು ಬಣ್ಣದಲ್ಲಿ ಬರೆಯುತ್ತಾರೋ ಅವರ ಕಾಗದವನ್ನು ನಮ್ಮ ಗುಡ್ಡ ನಂಬಿಬಿಡುತ್ತದೆ. ಬೆಳಗಾಗುವಷ್ಟರಲ್ಲಿ ಹಾಗೆಯೇ ಆಗಿ ನಿಂತಿರುತ್ತದೆ, ಮುಂದಿನ ಮಳೆಗಾಲದ ತನಕ ಹಟ ಬಿಡುವುದಿಲ್ಲ.

ಬರೆಯದೆ ಬಿಟ್ಟರೂ ನಡೆಯುವುದಿಲ್ಲ. ಮಳೆಗೆ ಅದರ ಮೈ ಸಡಿಲಾಗುತ್ತದೆ, ತುದಿ ಜೋಲುತ್ತದೆ, ಝರಿಗಳು ಎಲ್ಲೆಲ್ಲಿಗೋ ಹೊರಳುತ್ತವೆ. ಹಾಗಾಗಿ ದಸರಾ ಮುಗಿಯುತ್ತಿದ್ದಂತೆ ಒಬ್ಬರು ಕೂತು ಅದನ್ನು ಬರೆದು ಬಿಗಿ ಮಾಡಬೇಕು. ನಾನು ಚಿಕ್ಕವಳಿದ್ದಾಗ ಒಂದು ವರ್ಷ, ಬೀಗರ ಊರಿನಿಂದ ಬಂದ ಯಾವನೋ ಪುಣ್ಯಾತ್ಮ ಕೆರೆದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು, ಹೊತ್ತು ಹೋಗದೆ ಮೂರು ತ್ರಿಕೋನ ಬರೆದು ಹಸಿರು ಬಳಿದ. ಮರುದಿನ ಮೂರು ತ್ರಿಕೋನಗಳು ನಿಂತಿದ್ದವು. ಆಡುಗಳು ಜಾರಿ ಜಾರಿ ಕೆಳಗೆ ಬರುತ್ತಿದ್ದವು, ಕುರುಬರು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಆ ವರ್ಷವಿಡೀ ಹಾಗೇ ಬದುಕಿದೆವು. ಅಂದಿನಿಂದ ಆ ದಿನಗಳಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಪರ ಊರಿನವರ ಚೀಲ ನೋಡಿ ಒಳಗೆ ಬಿಡುತ್ತಾರೆ. ಫೋಟೋ ಎಷ್ಟು ಬೇಕಾದರೂ ತೆಗೆಯಬಹುದು, ಗುಡ್ಡ ಫೋಟೋಕ್ಕೆ ಸೊಪ್ಪು ಹಾಕುವುದಿಲ್ಲ.

ಬರೆಯುವವರಿಗೆ ಇರುವುದು ಒಂದೇ ಕಟ್ಟಳೆ: ಕಂಡದ್ದನ್ನು ಬರೆಯಬೇಕು, ಬೇಕಾದದ್ದನ್ನಲ್ಲ. ಈ ಕಟ್ಟಳೆಯನ್ನು ಮುರಿಯಬೇಕು ಎಂದೇ ನಾನು ಗುಡ್ಡ ಬರೆಯಲು ಕಲಿತೆ. ಇದನ್ನು ಹೇಳಲು ನನಗೆ ಅಂದೂ ನಾಚಿಕೆ ಇರಲಿಲ್ಲ, ಇಂದೂ ಇಲ್ಲ.

ನನ್ನ ಹೆಸರು ಸಾವಂತ್ರೆವ್ವ. ಕೆಳಗಿನ ಓಣಿಯಲ್ಲಿ ಕುಪ್ಪಸ ಹೊಲಿಯುತ್ತೇನೆ. ಕೆಳಗಿನ ಓಣಿ ಗುಡ್ಡದ ಕಾಲಬುಡದಲ್ಲೇ ಇದೆ. ಮಧ್ಯಾಹ್ನ ಉಂಡು ಪಾತ್ರೆ ತೊಳೆಯುವ ಹೊತ್ತಿಗೆ ಸೂರ್ಯ ಗುಡ್ಡದ ಹಿಂದೆ ಹೋಗಿಬಿಡುತ್ತಾನೆ. ಮೇಲಿನ ಓಣಿಯವರು ಆಗಿನ್ನೂ ಕೊಡೆ ಹಿಡಿದು ಓಡಾಡುತ್ತಿರುತ್ತಾರೆ, ನಾವು ದೀಪ ಹಚ್ಚುತ್ತೇವೆ. ನಮ್ಮಲ್ಲಿ ಹಪ್ಪಳ ಒಣಗುವುದಿಲ್ಲ, ಬಟ್ಟೆಗೆ ಒಂದು ತರಹದ ವಾಸನೆ. ಹುಟ್ಟಿದಾಗಿನಿಂದ ಹೀಗೇ ಇದ್ದದ್ದರಿಂದ ಯಾರೂ ಇದನ್ನು ದೊಡ್ಡದು ಮಾಡಿರಲಿಲ್ಲ.

ನನ್ನ ಗಂಡ ಫಕೀರಪ್ಪ ಕರೆಂಟಿನ ಲೈನ್‌ಮನ್ ಆಗಿದ್ದವರು. ಹಗಲೆಲ್ಲ ಕಂಬದ ಮೇಲೆ, ಬಿಸಿಲಿನಲ್ಲಿ. ಸಂಜೆ ಮನೆಗೆ ಬಂದರೆ ಮೈಯಿಂದ ಕಾದ ತಗಡಿನ ವಾಸನೆ ಬರುತ್ತಿತ್ತು. ಅವರಿಗೆ ಲಕ್ವಾ ಹೊಡೆದು ಬಲಗಡೆಯ ಮೈ ಬಿದ್ದುಹೋಯಿತು. ಮಾತು ಉಳಿಯಿತು, ನಗೆ ಅರ್ಧ ಉಳಿಯಿತು. ಅವರ ಮಂಚವನ್ನು ಬೆಳಿಗ್ಗೆ ಅಂಗಳಕ್ಕೆ ತಂದು ಬಿಸಿಲಿಗೆ ಹಾಕುತ್ತಿದ್ದೆ. ಬಿಸಿಲು ಸರಿದ ಹಾಗೆ ಮಂಚವನ್ನು ಎಳೆಯುತ್ತಿದ್ದೆ. ಕೊನೆಗೆ ಮಂಚ ಮೂಡಣ ಗೋಡೆಗೆ ತಾಗುತ್ತಿತ್ತು, ಆಮೇಲೆ ಎಳೆಯಲು ಜಾಗವಿರುತ್ತಿರಲಿಲ್ಲ. ನೆರಳು ಅವರ ಕಾಲಿನಿಂದ ಹತ್ತಿ ಕೊರಳಿನ ತನಕ ಬರುವುದನ್ನು ಅವರು ನೋಡುತ್ತ ಮಲಗುತ್ತಿದ್ದರು. "ಆತು, ಇವತ್ತಿಂದು ಮುಗೀತು," ಎನ್ನುತ್ತಿದ್ದರು. ಸತ್ತ ಕಾಲಿಗೆ ಥಂಡಿ ಹೆಚ್ಚಂತೆ. ಕಂಬಳಿ ಹೊದಿಸಿದರೆ, "ಕಂಬಳಿ ಬಿಸಲ ಆಗತೈತೇನ್ ಹುಚ್ಚಿ," ಎಂದು ಮುಖ ತಿರುಗಿಸುತ್ತಿದ್ದರು. ಒಂದು ದಿನ ಹಾಗೆ ಮುಖ ತಿರುಗಿಸಿದವರ ಕಣ್ಣಿನಲ್ಲಿ ನೀರು ನೋಡಿದೆ. ಕಂಬದ ತುದಿಯಲ್ಲಿ ಕೂತು ಬೀಡಿ ಸೇದುತ್ತಿದ್ದ ಮನುಷ್ಯ ಸಂಜೆಯ ಒಂದಿಷ್ಟು ಬಿಸಿಲಿಗೆ ಅಳುವುದನ್ನು ನನ್ನಿಂದ ನೋಡಲಾಗಲಿಲ್ಲ. ಮರುದಿನವೇ ಏಕನಾಥ ಮಾಸ್ತರರ ಮನೆಗೆ ಹೋದೆ.

ಊರಿನ ಗುಡ್ಡವನ್ನು ಅಷ್ಟು ವರ್ಷ ಬರೆದುಕೊಂಡು ಬಂದವರು ಏಕನಾಥ ಮಾಸ್ತರರು. ವಯಸ್ಸಾಗಿತ್ತು, ಕಣ್ಣಿಗೆ ಪೊರೆ ಬರುತ್ತಿತ್ತು, ಶಿಷ್ಯರಿರಲಿಲ್ಲ. ವರ್ಷಕ್ಕೊಮ್ಮೆ ಬರೆಯುವ ವಿದ್ಯೆಗೆ ವರ್ಷಗಟ್ಟಲೆ ನೀರು ಎರಚುತ್ತ ಕೂರಲು ಯಾರಿಗೂ ತಾಳ್ಮೆ ಇರಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಿನಗ ಯಾಕ ಬೇಕವ್ವಾ ಇದು? ಮಷೀನ್ ಕೆಟ್ಟತೇನ?" ಎಂದರು. "ಕಲೀಬೇಕು ಅನಿಸೈತ್ರಿ ಮಾಸ್ತರ," ಎಂದೆ. ಅವರು ಬೇರೇನೂ ಕೇಳದೆ ತಂಬಿಗೆ ತೆಗೆದುಕೊಟ್ಟರು.

ಊರ ಹೊರಗೆ ಕೆರೆಯ ಹತ್ತಿರ ಆಲದ ಮರದ ನೆರಳಿನಲ್ಲಿ ಬರೆಯುವ ಕಟ್ಟೆ ಇದೆ. ಅಲ್ಲಿ ಕೂತರೆ ಗುಡ್ಡ ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತದೆ. ಬೆಳಿಗ್ಗೆ ಗಂಡನಿಗೆ ಉಣ್ಣಿಸಿ, ಮಂಚವನ್ನು ಬಿಸಿಲಿಗೆ ಹಾಕಿ, ಅಲ್ಲಿಗೆ ಓಡುತ್ತಿದ್ದೆ. ಕರಿಕಲ್ಲಿನ ಮೇಲೆ ನೀರು ಬಿದ್ದಲ್ಲಿ ಕಪ್ಪಾಗುತ್ತದೆ, ಆರಿದಲ್ಲಿ ಬೂದಿಬಣ್ಣ. ಇರುವುದು ಅಷ್ಟೇ, ಕತ್ತಲು ಮತ್ತು ಬೆಳಕು. ಬೇಸಿಗೆಯಲ್ಲಿ ಗುಡ್ಡದ ಎಡತುದಿ ಬರೆದು ಬಲತುದಿಗೆ ಹೋಗುವಷ್ಟರಲ್ಲಿ ಎಡತುದಿ ಇಲ್ಲವಾಗುತ್ತಿತ್ತು. ನಾನು ಮೊದಮೊದಲು ದರ್ಜಿಯ ಬುದ್ಧಿಯಿಂದ ಒಂದು ಅಂಚು ಹಿಡಿದು ನೀಟಾಗಿ ಎಳೆಯುತ್ತ ಹೋಗುತ್ತಿದ್ದೆ. ಒಂದೊಂದು ಗಿಡವನ್ನೂ ಬಿಡದೆ ಕೂರಿಸುತ್ತಿದ್ದೆ. ಮಾಸ್ತರರು ನನ್ನ ಹಿಂದೆ ಕೂತು ಅಡಕೆ ಕತ್ತರಿಸುತ್ತ, "ಗಿಡಾ ಎಣಸಬ್ಯಾಡ. ಗಿಡಾ ಎಣಸಾಕ ಅರಣ್ಯದವ್ರು ಅದಾರ. ಕಣ್ಣ ಸಣ್ಣ ಮಾಡಿ ನೋಡು, ಎಷ್ಟು ತುಂಡ ಕಾಣತಾವು?" ಎನ್ನುತ್ತಿದ್ದರು. ಕಣ್ಣು ಕಿರಿದು ಮಾಡಿದರೆ ಗಿಡ, ಪೊದೆ, ಕಾಲುದಾರಿ ಎಲ್ಲ ಅಳಿಸಿ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತಿದ್ದವು. ಹತ್ತಿರದ ಇಳಿಜಾರು ದಟ್ಟ, ಅದರ ಹಿಂದಿನದು ತೆಳು, ಎಲ್ಲಕ್ಕೂ ಹಿಂದಿನದು ಇದೆಯೋ ಇಲ್ಲವೋ ಎಂಬಂತೆ. ಹತ್ತಿರಕ್ಕೆ ಕುಂಚ ತುಂಬ ನೀರು, ದೂರಕ್ಕೆ ಒದ್ದೆ ಕುಂಚದ ಬರೀ ಸವರು. ಇದು ಕೈಗೆ ಬರಲು ನನಗೆ ಒಂದು ಇಡೀ ಬೇಸಿಗೆ ಹಿಡಿಯಿತು. ಬಯಲಲ್ಲಿ ಕೂತು ಬರೆಯುವುದೆಂದರೆ ಬರೀ ಬರೆಯುವುದಲ್ಲ. ಇರುವೆ ಹತ್ತುತ್ತದೆ, ಗಾಳಿ ಸೆರಗು ಎಳೆಯುತ್ತದೆ, ಆಡು ಬಂದು ತಂಬಿಗೆಯ ನೀರು ಕುಡಿದು ನಿಮ್ಮ ಮುಖವನ್ನೇ ನೋಡುತ್ತ ನಿಲ್ಲುತ್ತದೆ.

ಒಂದು ಮಾತಿಗೆ ಮಾತ್ರ ನನಗೂ ಮಾಸ್ತರರಿಗೂ ಜಗಳವಾಯಿತು. ನಾನು ಬರೆಯುತ್ತಿದ್ದಂತೆ ಗುಡ್ಡದ ಮೇಲಿನ ನೆರಳು ಸರಿಯುತ್ತಿತ್ತು. ಸರಿದ ಹಾಗೆಲ್ಲ ನಾನೂ ತಿದ್ದುತ್ತಿದ್ದೆ. ಹಲಗೆ ಗಲೀಜಾಗುತ್ತಿತ್ತು. "ನೆರಳಿನ ಬೆನ್ನ ಹತ್ತಬ್ಯಾಡ. ನೀ ಕುಂತಾಗ ಅದು ಎಲ್ಲಿತ್ತೋ ಅಲ್ಲೇ ಬರಿ. ಆಮ್ಯಾಲ ಅದು ಎಲ್ಲಿಗ್ಯಾರ ಹೋಗಲಿ," ಎಂದರು. ನನಗೆ ಸಿಟ್ಟು ನೆತ್ತಿಗೇರಿತು. "ನಿಮಗ ಹೇಳಾಕ ಸಸಾರ ಐತ್ರಿ. ದಿನಾ ಮಂಚ ಎಳಿಯಾಕಿ ನಾನು," ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ಕುಂಚ ಅಲ್ಲೇ ಬಿಸಾಕಿ ಮನೆಗೆ ಬಂದೆ, ಮರುದಿನ ಮತ್ತೆ ಹೋದೆ.

ಓಣಿಯ ಬಾಯಿಗೆ ನಾನು ಆಹಾರವಾಗಿದ್ದೆ. ಅದರಲ್ಲೂ ಪಕ್ಕದ ಮನೆಯ ದ್ರೌಪದವ್ವ. ಅವಳ ಮಾಳಿಗೆಯ ನೀರು ನಮ್ಮ ಅಂಗಳಕ್ಕೆ ಬೀಳುತ್ತದೆ ಎಂದು ಹಿಂದೊಮ್ಮೆ ನಡೆದ ಜಗಳದ ಮೇಲೆ ನಮ್ಮಿಬ್ಬರಿಗೆ ಮಾತಿರಲಿಲ್ಲ. ಮಾತಿರಲಿಲ್ಲ ಎಂದರೆ ನನ್ನ ಜೊತೆ ಇರಲಿಲ್ಲ, ನನಗೆ ಕೇಳಿಸುವ ಹಾಗೆ ಬೇಕಾದಷ್ಟಿತ್ತು. "ಗಂಡನ್ನ ಬಿಸಲಿಗಿ ಒಗದು ಗುಡ್ಡದ ಚಂದ ನೋಡಾಕ ಹೊಕ್ಕಾಳ ನಮ್ಮವ್ವ," ಎಂದು ತನ್ನ ಎಮ್ಮೆಗೆ ಹೇಳುತ್ತಿದ್ದಳು. ಎಮ್ಮೆಗಾದರೂ ತಿಳಿಯಲಿ ಎಂದು ನಾನು ಸುಮ್ಮನಿರುತ್ತಿದ್ದೆ.

ಎರಡನೆಯ ವರ್ಷ ಮಾಸ್ತರರ ಕಣ್ಣು ಪೂರ್ತಿ ಮಂಜಾಯಿತು. ನನ್ನ ಹಲಗೆಯನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಹಾಗೆ ನೋಡುತ್ತ ಒಂದು ಬೆಳಿಗ್ಗೆ ಕೇಳಿದರು: "ಸಾವಂತ್ರೆವ್ವ, ನೀ ಯಾವಾಗ ಬರದ್ರೂ ಆನಿಗುಂಡಿನ ಎಡಕ್ಕ ತುದಿ ಒಂದೀಟು ತೆಗ್ಗ ಆಗತೈತಿ. ಗುಡ್ಡದಾಗ ಆ ತೆಗ್ಗ ಇಲ್ಲ. ಯಾಕ?" ಆನೆಗುಂಡು ಎಂದರೆ ಗುಡ್ಡದ ಮೈಮೇಲೆ ಒಂಟಿಯಾಗಿ ನಿಂತ ದೊಡ್ಡ ಬಂಡೆ. ನಮ್ಮ ಅಂಗಳದಿಂದ ನೋಡಿದರೆ ಸೂರ್ಯ ಮುಳುಗುವುದು ಸರಿಯಾಗಿ ಅದರ ಎಡಕ್ಕೆ. ಅಲ್ಲಿ ಗುಡ್ಡದ ತುದಿಯನ್ನು ಒಂದಿಷ್ಟು ಕತ್ತರಿಸಿ ಕಂಡಿ ಮಾಡಿದರೆ ಸಂಜೆಯ ಬಿಸಿಲು ಅದರೊಳಗಿಂದ ನನ್ನ ಗಂಡನ ಮಂಚದ ಮೇಲೆ ಬೀಳುತ್ತದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿದೆ, ಹೇಳುತ್ತ ಅತ್ತೆ. ಮಾಸ್ತರರು ಬಹಳ ಹೊತ್ತು ಅಡಕೆ ಅಗಿದರು. "ಕಂಡದ್ದನ್ನ ಬರೀಬೇಕು," ಎಂದರು ಕೊನೆಗೆ. ನಾನು ಹೂಂ ಎನ್ನಲಿಲ್ಲ. ಅವರೂ ಆಣೆ ಹಾಕಿಸಿಕೊಳ್ಳಲಿಲ್ಲ.

ಆ ದಸರಾ ಮುಗಿದಾಗ ಊರಿನ ಕಮಿಟಿಗೆ ಬೇರೆ ದಾರಿ ಇರಲಿಲ್ಲ. ಕಮಿಟಿಯ ಅಧ್ಯಕ್ಷರು ಗುರುಪಾದಪ್ಪನವರು, ಮೇಲಿನ ಓಣಿಯಲ್ಲಿ ಪಾತ್ರೆ ಅಂಗಡಿ ಇಟ್ಟವರು. ಅವರೇ ಬಣ್ಣದ ಪೆಟ್ಟಿಗೆ ತಂದು ನನ್ನ ಕೈಗೆ ಕೊಟ್ಟು, "ಭಾಳ ಹುಷಾರವಾ," ಎಂದರು. ಹಿಂದಿನ ದಿನ ನಾನು ಗಂಡನಿಗೆ ವಿಷಯ ಹೇಳಿದ್ದೆ. ಅವರು ಬೇಡ ಎನ್ನಬಹುದು ಎಂದುಕೊಂಡಿದ್ದೆ. ಅವರು ಮಾಳಿಗೆಯ ತೊಲೆ ನೋಡುತ್ತ, "ಕಂಡಿ ಕಡದ್ರ ಅದಕ್ಕ ನೋವಾಗಂಗಿಲ್ಲೇನು?" ಎಂದು ಕೇಳಿದರು. ಅರ್ಧ ಮೈ ಕಳೆದುಕೊಂಡವರು ಕೇಳುವ ಪ್ರಶ್ನೆ ಅದು. "ಕುಪ್ಪಸಕ್ಕ ಕೊರಳ ಕತ್ತರಿಸಿದ್ರ ಬಟ್ಟಿಗಿ ನೋವಾಗತೈತೇನ್ರಿ?" ಎಂದೆ. ಅವರು ಅರ್ಧ ನಕ್ಕರು.

ಬರೆದೆ. ದೂರದ ಸಾಲಿಗೆ ನೀಲಿಯನ್ನು ನೀರು ಮಾಡಿ ಸವರಿದೆ, ಹತ್ತಿರದ್ದಕ್ಕೆ ಹಸಿರಿನೊಳಗೆ ಕೆಂಪು ಕಲಸಿ ದಟ್ಟ ಮಾಡಿದೆ, ಕೂತಾಗ ಎಲ್ಲಿತ್ತೋ ಅಲ್ಲೇ ನೆರಳು ಇಟ್ಟೆ. ಆನೆಗುಂಡಿನ ಎಡಕ್ಕೆ ಬಂದಾಗ ಕುಂಚವನ್ನು ಒಮ್ಮೆ ತಡೆದೆ. ಅಲ್ಲಿ ಆಕಾಶವನ್ನು ಒಂದಿಷ್ಟು ಕೆಳಗೆ ಎಳೆದೆ. ಹಿಂದೆ ನಿಂತ ಕಮಿಟಿಯವರಿಗೆ ತಿಳಿಯಲೇ ಇಲ್ಲ. ಮಾಸ್ತರರಿಗೆ ಕಾಣುತ್ತಿರಲಿಲ್ಲ, ಆದರೆ ನನ್ನ ಕುಂಚ ಅಲ್ಲಿ ತಡೆದದ್ದು ಕೇಳಿಸಿತೋ ಏನೋ, ಗಂಟಲು ಸರಿ ಮಾಡಿಕೊಂಡರು.

ಮರುದಿನ ಬೆಳಿಗ್ಗೆ ಊರಿಗೆ ಊರೇ ಗುಡ್ಡ ನೋಡುತ್ತ ನಿಂತಿತ್ತು. ಕಂಡಿ ಇತ್ತು, ಕತ್ತರಿಯಲ್ಲಿ ಕತ್ತರಿಸಿದಷ್ಟು ನೀಟಾಗಿ ಇತ್ತು. ಯಾರು ಏನಾದರೂ ಅನ್ನಲಿ ಎಂದು ನಾನು ಮನೆಯ ಬಾಗಿಲು ಹಾಕಿಕೊಂಡು, ಉಂಡ ಮೇಲೆ ಗಂಡನ ಮಂಚವನ್ನು ಅಂಗಳದ ನಡುವೆ ಹಾಕಿ ಕಾಯುತ್ತ ಕೂತೆ. ಸೂರ್ಯ ಗುಡ್ಡದ ಹಿಂದೆ ಹೋದ. ನೆರಳು ಬಂತು. "ಇನ್ನೊಂದೀಟು ತಡೀರಿ," ಎಂದೆ. ಬಹಳ ಹೊತ್ತಾದ ಮೇಲೆ ಓಣಿಯಲ್ಲಿ ಯಾರೋ ಕೂಗಿದರು. ಬಿಸಿಲು ಬಂದಿತ್ತು. ಹಳದಿಯಾಗಿ, ಬೆಚ್ಚಗೆ, ಗೋಡೆಯ ಆಚೆ ದ್ರೌಪದವ್ವನ ಅಂಗಳದಲ್ಲಿ ಬಿದ್ದಿತ್ತು. ಅವಳ ಎಮ್ಮೆ ಹೊಳೆಯುತ್ತಿತ್ತು. ನಮ್ಮ ಅಂಗಳಕ್ಕೆ ಒಂದು ಎಳೆಯೂ ಇಲ್ಲ.

ನಾನು ಮಂಚದ ಕಾಲು ಹಿಡಿದುಕೊಂಡು ನೆಲದಲ್ಲಿ ಕೂತುಬಿಟ್ಟೆ. ಎರಡು ವರ್ಷ ನೀರು ಎರಚಿದ್ದು, ಊರಿನ ಕಟ್ಟಳೆ ಮುರಿದದ್ದು, ಎಲ್ಲ ಒಂದು ಎಮ್ಮೆಗಾಗಿ. ಅಳು ಬರಲಿಲ್ಲ, ಬರೀ ಹಲ್ಲು ಕಡಿದೆ. ನನ್ನ ಗಂಡ ಆ ಗೋಡೆಯ ಮೇಲಿನ ಬೆಳಕು ನೋಡುತ್ತ, "ಚಂದ ಬಿದ್ದೈತಿ ಬಿಡು," ಎಂದರು. ಅದನ್ನು ಕೇಳಿದ ಮೇಲೆ ಅಳು ಬಂತು.

ಆಗ ಗೋಡೆಯ ಮೇಲೆ ದ್ರೌಪದವ್ವನ ತಲೆ ಕಾಣಿಸಿತು. ಕಲ್ಲಿನ ಮೇಲೆ ಹತ್ತಿ ನಿಂತಿದ್ದಳು. ನನ್ನ ಕಡೆ ನೋಡದೆ ನನ್ನ ಗಂಡನಿಗೆ ಹೇಳಿದಳು: "ಫಕೀರಪ್ಪಣ್ಣ, ಇದು ನಿನ್ನ ಬಿಸಲ ಅಂತ ನನಗ ಗೊತ್ತೈತಿ. ನಿನ್ನ ಹೇಂತಿ ನನ್ನ ಸಲುವಾಗಿ ಏನ್ ಗುಡ್ಡ ಕಡದಾಳು?" ಆಮೇಲೆ ನನ್ನ ಕಡೆ ತಿರುಗಿ, "ಏ ಸಾವಂತ್ರಿ, ಏನ್ ಕುಂತಿ ಸತ್ತವರ ಮನ್ಯಾಗ ಕುಂತಂಗ? ಬಿಸಲ ಹೋದ ಮ್ಯಾಲ ತರಾಕಿ ಏನು? ಹುಡುಗ್ರನ್ನ ಕಳಸ್ತೀನಿ, ಮಂಚ ಎತ್ತು," ಎಂದಳು. ಅವಳ ಮಕ್ಕಳು ಬಂದು ಮಂಚವನ್ನು ಎತ್ತಿಕೊಂಡು ಹೋದರು. ಎಮ್ಮೆಯನ್ನು ಆಚೆ ಕಟ್ಟಿ ಜಾಗ ಮಾಡಿದ್ದಳು. ಬಿಸಿಲು ನನ್ನ ಗಂಡನ ಸತ್ತ ಕಾಲಿನ ಮೇಲೆ ಬಿತ್ತು. ಅವರು ಕಣ್ಣು ಮುಚ್ಚಿದರು. ದ್ರೌಪದವ್ವ ಒಳಗೆ ಹೋಗಿ ಚಹಾಕ್ಕಿಟ್ಟಳು.

ಯಾಕೆ ಹೀಗಾಯಿತೆಂದು ತಿಳಿದದ್ದು ಮಾಸ್ತರರು ಹೇಳಿದ ಮೇಲೆ. ಕೋಲೂರಿಕೊಂಡು ಓಣಿಗೆ ಬಂದು, ಅಂಗಳದಲ್ಲಿ ನಿಂತು, ಬೆಳಕನ್ನು ಕೆನ್ನೆಯಿಂದಲೇ ಅಳೆದು ಹೇಳಿದರು: "ಆನಿಗುಂಡು ಮುಂದೈತಿ, ಗುಡ್ಡದ ತುದಿ ಹಿಂದೈತಿ. ನಿನ್ನ ಅಂಗಳದಾಗ ನಿಂತ್ರ ಗುಂಡಿನ ಎಡಕ್ಕ ಕಾಣೂ ತುದಿ ಬ್ಯಾರೆ, ಕಟ್ಟಿ ಮ್ಯಾಲ ಕುಂತ್ರ ಕಾಣೂ ತುದಿ ಬ್ಯಾರೆ. ಮನ್ಯಾಗ ಅಳತಿ ತಗೊಂಡು ಕಟ್ಟಿ ಮ್ಯಾಲ ಕತ್ತರಿ ಹಾಕಿದಿ." ದರ್ಜಿಗೆ ಇದಕ್ಕಿಂತ ದೊಡ್ಡ ಬಯ್ಗುಳ ಇಲ್ಲ.

ಕಮಿಟಿಯವರು ಬಂದು ಕೂಗಾಡಿದರು. ಕಂಡಿಯೊಳಗಿಂದ ನುಗ್ಗಿದ ಗಾಳಿಗೆ ಗುರುಪಾದಪ್ಪನವರ ಅಂಗಡಿಯ ಬೋರ್ಡು ಹಾರಿ ಬಿದ್ದಿತ್ತು. ಆದರೆ ಮುಂದಿನ ಮಳೆಗಾಲದ ತನಕ ಯಾರೂ ಏನೂ ಮಾಡುವ ಹಾಗಿರಲಿಲ್ಲ. "ಬರೂ ವರ್ಷ ಇದನ್ನ ಮುಚ್ಚಿ ಬರೀಬೇಕು, ಇಲ್ಲಂದ್ರ ಕುಂಚ ಮುಟ್ಟಬ್ಯಾಡ," ಎಂದು ಹೇಳಿ ಹೋದರು.

ಆ ವರ್ಷ ನಾವು ಎಣಿಸಿರದ ಇನ್ನೊಂದು ಸಂಗತಿ ನಡೆಯಿತು. ಬಿಸಿಲು ದ್ರೌಪದವ್ವನ ಅಂಗಳದಲ್ಲಿ ನಿಲ್ಲಲಿಲ್ಲ. ಸೂರ್ಯ ಸರಿದ ಹಾಗೆ ಅದೂ ಸರಿದು ಅವಳ ಆಚೆಯ ಮನೆಗೆ, ಅದರಾಚೆಯ ಮನೆಗೆ ಹೋಯಿತು. ಮಂಚವೂ ಅದರ ಹಿಂದೆ ಹೋಯಿತು. ಯಾರೂ ಕರೆಯುವುದು ಬೇಕಿರಲಿಲ್ಲ. ಇಂದು ಯಾರ ಅಂಗಳ ಎಂದು ನೋಡಿ ಹುಡುಗರು ಮಂಚ ಎತ್ತುತ್ತಿದ್ದರು. ಬಾಣಂತಿಯರು ಕೂಸುಗಳನ್ನು ತಂದರು, ಮುದುಕಿಯರು ಮೊಣಕಾಲು ತಂದರು, ಯಾರೋ ಮೊರದಲ್ಲಿ ಹಪ್ಪಳ ತಂದರು. ಬಿಸಿಲು ಇರುತ್ತಿದ್ದುದು ಒಂದು ಚಹಾ ಕುಡಿದು ಒಂದು ಸುದ್ದಿ ಮುಗಿಸುವಷ್ಟು ಹೊತ್ತು. ನನ್ನ ಗಂಡ ಓಣಿಯ ಎಲ್ಲ ಮನೆಗಳ ಸುದ್ದಿ ನನಗೆ ತಂದು ಹೇಳುತ್ತಿದ್ದರು. ಕಾಲಿದ್ದ ನಾನು ಮಷೀನಿನ ಮುಂದೆ ಕೂತಿರುತ್ತಿದ್ದೆ, ಕಾಲಿಲ್ಲದ ಅವರು ಊರು ತಿರುಗುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಬಿಸಿಲು ಓಣಿಯ ಕೊನೆ ಮುಟ್ಟಿ ಹಿಂದೆ ತಿರುಗಿತು. ಶಿವರಾತ್ರಿ ದಾಟಿ ಕೊನೆಗೊಮ್ಮೆ ನಮ್ಮ ಅಂಗಳಕ್ಕೂ ಬಂತು. ಚಳಿ ಮುಗಿದ ಮೇಲೆ ಬಂದ ಬಿಸಿಲು ಯಾರಿಗೆ ಬೇಕು ಎಂದು ನಾನು ಗೊಣಗಿದೆ. ಆದರೂ ಅಂಗಳ ಸಾರಿಸಿ ರಂಗೋಲಿ ಹಾಕಿದ್ದೆ.

ಮಳೆಗಾಲ ಬಂತು, ಹೋಯಿತು. ಗುಡ್ಡ ಮತ್ತೆ ಜೋತುಬಿತ್ತು. ಕಮಿಟಿಯವರು ಬಣ್ಣದ ಪೆಟ್ಟಿಗೆಯ ಜೊತೆ ಈ ಸಲ ಕಟ್ಟೆಯವರೆಗೂ ಬಂದು, ನನ್ನ ಎರಡೂ ಪಕ್ಕಕ್ಕೆ ನಿಂತರು. ಮಾಸ್ತರರು ಕಟ್ಟೆಯ ಅಂಚಿನಲ್ಲಿ ಕೂತಿದ್ದರು. ನಾನು ಕಣ್ಣು ಕಿರಿದು ಮಾಡಿ ಗುಡ್ಡ ನೋಡಿದೆ. ತುದಿಯ ಮಣ್ಣು ಜಾರಿ ಕಂಡಿ ತುಂಬಿತ್ತು. ಕಟ್ಟೆಯ ಮೇಲಿನಿಂದ ನೋಡಿದರೆ ತುದಿ ಹೆಚ್ಚುಕಡಿಮೆ ಸಮ. ಈಗ ಕಂಡದ್ದನ್ನು ಕಂಡ ಹಾಗೆ ಬರೆದರೆ ಸಾಕು, ಕಂಡಿ ತಾನಾಗಿಯೇ ಮುಚ್ಚಿಹೋಗುತ್ತದೆ. ಕಟ್ಟಳೆಯೂ ಉಳಿಯುತ್ತದೆ, ಕಮಿಟಿಯ ಮಾತೂ ಉಳಿಯುತ್ತದೆ. ನನ್ನ ಗಂಡನ ಕಾಲಿನ ಮೇಲೆ ಮಾತ್ರ ಮತ್ತೆ ನೆರಳು ಹತ್ತುತ್ತದೆ. ಬಣ್ಣ ಕಲಸಿದ ಕುಂಚ ಕೈಯಲ್ಲಿ ಹಿಡಿದು ಹಾಗೇ ಕೂತೆ.

"ಏನ್ ಕಾಣತೈತಿ?" ಎಂದು ಮಾಸ್ತರರು ಕೇಳಿದರು. ನಾನು ಗುಡ್ಡ ಬಿಟ್ಟು ಹಿಂದೆ ಮುಂದೆ ನೋಡಿದೆ. ಕೆರೆ ಕಾಣುತ್ತಿತ್ತು, ಮೇಲಿನ ಓಣಿಯ ಮಾಳಿಗೆಗಳು ಕಾಣುತ್ತಿದ್ದವು, ಗುರುಪಾದಪ್ಪನವರ ಬೋರ್ಡೂ ಕಾಣುತ್ತಿತ್ತು. "ಕಂಡಿ ಕಾಣವಲ್ದ್ರಿ ಮಾಸ್ತರ," ಎಂದೆ. "ಹಂಗ ನೋಡಿದ್ರ ಇಲ್ಲಿಂದ ನಮ್ಮ ಓಣೀನ ಕಾಣವಲ್ದು." ಮಾಸ್ತರರು ಅಡಕೆ ಬಾಯಿಗೆ ಹಾಕಿಕೊಂಡು, "ಹಂಗಾರ ಕಾಣೂ ಜಾಗಾಕ್ಕ ಹೋಗು," ಎಂದರು.

ಗುರುಪಾದಪ್ಪನವರು ಬೆಚ್ಚಿಬಿದ್ದರು. "ಕಟ್ಟಿ ಬಿಟ್ಟು ಎಲ್ಲಿ ಬರೀತಾರ್ರೀ? ಹಿಂದಿನವ್ರು ಇಲ್ಲೇ ಬರಕೋಂತ ಬಂದಾರ." ಮಾಸ್ತರರು ನಕ್ಕರು. "ಈ ಕಟ್ಟಿ ಕಟ್ಟಿಸಿದ್ದು ನಮ್ಮ ಗುರುಗಳ ಮೊಣಕಾಲ ಬ್ಯಾನಿ ಸಲುವಾಗಿ. ನೆಲದ ಮ್ಯಾಲ ಕುಂತ್ರ ಏಳಾಕ ಬರತಿರಲಿಲ್ಲ ಅವರಿಗಿ. ಇಲ್ಲಿ ನೆರಳೂ ಇತ್ತು. ಗುಡ್ಡಕ್ಕ ಏನ್ ಗೊತ್ತು ಈ ಕಟ್ಟಿ?" ನಾನು ಕಾಗದದ ಹಲಗೆ ಬಗಲಲ್ಲಿ ಇಟ್ಟುಕೊಂಡು ನಡೆದುಬಿಟ್ಟೆ. ಬಣ್ಣದ ಪೆಟ್ಟಿಗೆ ಗುರುಪಾದಪ್ಪನವರ ಕೈಯಲ್ಲೇ ಇತ್ತು, ಹಾಗಾಗಿ ಅವರೂ ನನ್ನ ಹಿಂದೆ ಬರಬೇಕಾಯಿತು.

ಓಣಿ ಮುಟ್ಟುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ನಮ್ಮ ಓಣಿಯ ನಡುವೆ, ನಲ್ಲಿಯ ಹತ್ತಿರ, ಯಾರ ಮನೆಯದೂ ಅಲ್ಲದ ಅಗಲವಾದ ಜಾಗವಿದೆ. ಅಲ್ಲಿ ನೆಲದ ಮೇಲೆ ಕೂತೆ. ಮೊದಲ ಸಲ ಗುಡ್ಡವನ್ನು ಅದರ ಕಾಲಬುಡದಿಂದ ಬರೆಯಲು ನೋಡಿದೆ. ಎಷ್ಟು ದೊಡ್ಡದಿತ್ತು! ಕಟ್ಟೆಯಿಂದ ಮಲಗಿದ ಎಮ್ಮೆಯ ಹಾಗೆ ಕಾಣುತ್ತಿದ್ದದ್ದು ಇಲ್ಲಿ ಮೈಮೇಲೆ ಬಂದ ಹಾಗಿತ್ತು. ಮತ್ತು ಇಲ್ಲಿಂದ ಕಂಡಿ ಕಾಣುತ್ತಿತ್ತು. ತುಂಬಿದ ಮಣ್ಣು ಕಂಡಿಯ ಒಂದು ಬದಿಗೆ, ಕಟ್ಟೆಯಿಂದ ನೋಡುವವರ ಕಣ್ಣಿಗೆ ಅಡ್ಡವಾಗಿ, ರಾಶಿಯಾಗಿತ್ತು. ಈಚೆ, ನಮ್ಮ ಕಡೆಗೆ, ಬಾಯಿ ತೆರೆದೇ ಇತ್ತು. ನೋಡುತ್ತಿದ್ದಂತೆ ಸೂರ್ಯ ತುದಿಯ ಹಿಂದೆ ಹೋದ. ನೆರಳು ನಮ್ಮೆಲ್ಲರ ಮೇಲೆ ಬಿತ್ತು. ಗುರುಪಾದಪ್ಪನವರು ಅಂಗಿಯ ತೋಳು ಕೆಳಗೆ ಇಳಿಸಿಕೊಂಡು ಸುತ್ತ ನೋಡಿದರು. "ಇಷ್ಟು ಲಗೂ ಕತ್ತಲ ಆಗತೈತೇನ್ ಇಲ್ಲಿ?" ಎಂದರು. ಅದೇ ಊರಿನಲ್ಲಿ ಹುಟ್ಟಿ ಕೂದಲು ಬೆಳ್ಳಗಾದ ಮನುಷ್ಯ ಆ ಹೊತ್ತಿನಲ್ಲಿ ನಮ್ಮ ಓಣಿಗೆ ಬಂದಿರಲೇ ಇಲ್ಲ. "ದಿನಾ ಇಷ್ಟರೀ," ಎಂದಳು ದ್ರೌಪದವ್ವ, ಕೊಡ ತುಂಬುತ್ತ. ಗುರುಪಾದಪ್ಪನವರು ಬಣ್ಣದ ಪೆಟ್ಟಿಗೆಯನ್ನು ನನ್ನ ಪಕ್ಕದಲ್ಲಿಟ್ಟರು. "ಬರಿಯವಾ. ನನ್ನ ಬೋರ್ಡಿಗಿ ಇನ್ನ ನಾಕ್ ಮೊಳಿ ಹೊಡಸ್ತೀನಿ," ಎಂದರು.

ನನ್ನ ಅಂಗಳಕ್ಕೆ ಸರಿಯಾಗಿ ಬೀಳುವಂತೆ ಕಂಡಿಯನ್ನು ಸರಿಸಿ ಬರೆಯುವ ವಿದ್ಯೆ ಈಗ ನನಗೆ ಗೊತ್ತಿತ್ತು. ಸರಿಸುವ ಆಸೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಸುತ್ತಲೂ ನಿಂತವರನ್ನು ನೋಡಿದೆ. ಕಂಕುಳಲ್ಲಿ ಕೂಸುಗಳಿದ್ದವು. ಅವರ ಅಂಗಳಗಳಲ್ಲೆಲ್ಲ ನನ್ನ ಗಂಡ ಚಹಾ ಕುಡಿದಿದ್ದರು. ಕಂಡದ್ದನ್ನು ಕಂಡಲ್ಲೇ ಬರೆದೆ.

ಮರುದಿನ ಸಂಜೆ ಬಿಸಿಲು ನಲ್ಲಿಯ ಹತ್ತಿರದ ಬಯಲಿಗೇ ಬಿತ್ತು. ಇದು ನನ್ನ ಲೆಕ್ಕವಲ್ಲ, ನಾನು ಅಲ್ಲಿ ಕೂತು ಬರೆದಿದ್ದೆ ಅಷ್ಟೇ. "ನನ್ನ ಅಂಗಳದ ಪಾಲು ಹೊಡದಿ," ಎಂದು ದ್ರೌಪದವ್ವ ನನಗೆ ಬಯ್ದಳು, ಬಯ್ಯುತ್ತಲೇ ಚಾಪೆ ಹಾಸಿದಳು. ಓಣಿಯೆಲ್ಲ ಅಲ್ಲಿ ಬಂದು ಕೂತಿತು. ಹುಡುಗರು ನನ್ನ ಗಂಡನ ಮಂಚವನ್ನು ತಂದು, ಎಂದಿನಂತೆ, ಬಿಸಿಲು ಮುಖಕ್ಕೆ ಬೀಳುವ ಹಾಗೆ ಗುಡ್ಡದ ಕಡೆಗೆ ಹಾಕಿದರು. ನಾನು ಅವರನ್ನು ಎಬ್ಬಿಸಿ ಕೂರಿಸಿ ದಿಂಬು ಸರಿ ಮಾಡಿದೆ. "ಸರಿ ಬಿದ್ದೈತೇನ್ರಿ?" ಎಂದು ಕೇಳಿದೆ. ಅವರು ಎಡಗೈಯಿಂದ ಮಂಚದ ಪಟ್ಟಿ ತಟ್ಟಿದರು.

"ತಿರುಗಿಸಿ ಹಾಕ್ರಿ," ಎಂದರು. "ಬಿಸಲ ಬೆನ್ನಿಗಿ ಬಿದ್ರ ಸಾಕು. ನನಗ ಮಂದಿ ಮಾರಿ ಕಾಣಬೇಕು."

ನಾನೂ ದ್ರೌಪದವ್ವನೂ ಮಂಚದ ಒಂದೊಂದು ಕಾಲು ಹಿಡಿದು ತಿರುಗಿಸಿದೆವು.